ಸಣ್ಣ ಐಎಸ್‌ಪಿಗೆ ಕೋರ್ ರೂಟರ್: ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು

ಒಂದು ಜಿಲ್ಲೆಯೊಳಗೆ ಐದು ಸಾವಿರ ಮನೆಗಳಿಗೆ ಫೈಬರ್ ಎಳೆದಿರುವ ಐಎಸ್‌ಪಿಯನ್ನು, ಅಂದರೆ ಇಂಟರ್ನೆಟ್ ಸೇವೆ ಕೊಡುವ ಕಂಪನಿಯನ್ನು, ಲೆಕ್ಕಕ್ಕೆ ತೆಗೆದುಕೊಳ್ಳೋಣ. ರಾತ್ರಿ ಒಂಬತ್ತರ ದಟ್ಟಣೆಯಲ್ಲಿ ಮನೆಗೆ ಸರಾಸರಿ 3 ಮೆಗಾಬಿಟ್ ಎಂದು ಹಿಡಿದರೆ ಒಟ್ಟು 15 ಗಿಗಾಬಿಟ್. ತಲಾ 10 ಗಿಗಾಬಿಟ್‌ನ ಎರಡು ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಮಾರುವ ದೊಡ್ಡ ಜಾಲ), ಜೊತೆಗೆ ದೇಶದ ಜಾಲಗಳು ಪರಸ್ಪರ ದಟ್ಟಣೆ ಬದಲಿಸಿಕೊಳ್ಳುವ ನಿಕ್ಸಿಯ ಬೆಂಗಳೂರು ವಿನಿಮಯ ಕೇಂದ್ರಕ್ಕೆ ಒಂದು ಲಿಂಕ್. ನಡುವೆ ನಿಂತು ಈ ಎಲ್ಲ ದಟ್ಟಣೆಯನ್ನೂ ದಾರಿಗೆ ಹಚ್ಚಲು ಎಂಥ ಕೋರ್ ರೂಟರ್ ಬೇಕು?

ಡೇಟಾಶೀಟ್‌ನಲ್ಲಿ ದಪ್ಪಕ್ಷರದಲ್ಲಿರುವ ಗಿಗಾಬಿಟ್ ಸಂಖ್ಯೆಯನ್ನು ನಂಬಿ ಕೂರಬೇಡಿ. ರೂಟರ್‌ಗೆ ಕೆಲಸ ಹೆಚ್ಚಿಸುವುದು ಬಿಟ್‌ಗಳಲ್ಲ, ಪ್ಯಾಕೆಟ್‌ಗಳು, ಅಂದರೆ ಡೇಟಾ ಸಾಗುವ ತುಂಡುಗಳು. 10 ಗಿಗಾಬಿಟ್ ತಂತಿಯನ್ನು 1,518 ಬೈಟ್‌ನ ದೊಡ್ಡ ಫ್ರೇಮ್‌ಗಳಿಂದ (ಪ್ಯಾಕೆಟ್ ಹೊತ್ತು ತಂತಿಯ ಮೇಲೆ ಸಾಗುವ ಲಕೋಟೆಗಳಿಂದ) ತುಂಬಿದರೆ ಸೆಕೆಂಡಿಗೆ ಸುಮಾರು 8.1 ಲಕ್ಷ ಪ್ಯಾಕೆಟ್. ಅದೇ ತಂತಿಯನ್ನು 64 ಬೈಟ್‌ನ ಪುಟ್ಟ ಫ್ರೇಮ್‌ಗಳಿಂದ ತುಂಬಿದರೆ 1.488 ಕೋಟಿ. ಫ್ರೇಮ್‌ಗಳ ನಡುವಿನ ಅಂತರ ಮತ್ತು ಪ್ರಿಆಂಬಲ್ (ಫ್ರೇಮ್ ಶುರುವಾಗುವ ಸೂಚನೆ) ಸೇರಿ ಪ್ರತಿಯೊಂದಕ್ಕೂ 20 ಬೈಟ್ ಕೂಡಿಸಿದ ಲೆಕ್ಕವಿದು. ವಿಡಿಯೊ ನೋಡುವ ಗ್ರಾಹಕರಿಗೆ ಹೋಗುವ ಪ್ಯಾಕೆಟ್‌ಗಳು ಹೆಚ್ಚಾಗಿ ದೊಡ್ಡವು. ಹಲವಾರು ಯಂತ್ರಗಳಿಂದ ಒಮ್ಮೆಲೇ ದಟ್ಟಣೆ ಸುರಿಸುವ ಡಿಡಿಒಎಸ್ ದಾಳಿಯ ಪ್ಯಾಕೆಟ್‌ಗಳು ಅನೇಕ ವೇಳೆ ಚಿಕ್ಕವು. ದಿನವಿಡೀ ತಣ್ಣಗಿದ್ದ ಪೆಟ್ಟಿಗೆ ದಾಳಿಯ ಹೊತ್ತಿನಲ್ಲಿ ಕುಸಿಯುವುದು ಇದೇ ಕಾರಣಕ್ಕೆ.

ಇನ್ನು ಬಿಜಿಪಿ, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂದು ಜಾಲಗಳು ಒಂದಕ್ಕೊಂದು ಹೇಳಿಕೊಳ್ಳುವ ವಿಧಾನ. ಹೀಗೆ ಬಂದ ದಾರಿಗಳ, ಅಂದರೆ ರೂಟ್‌ಗಳ, ಪಟ್ಟಿಯೇ ರೂಟಿಂಗ್ ಟೇಬಲ್. ‘ಕೋರ್ ರೂಟರ್ ಎಂದರೆ ಪೂರ್ಣ ರೂಟಿಂಗ್ ಟೇಬಲ್ ಹಿಡಿಯಲೇಬೇಕು’ ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಿದರೆ ಬಜೆಟ್ ಅಲ್ಲೇ ಮುಗಿಯುತ್ತದೆ. ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರ ಟೇಬಲ್ ಇಂದು ಹತ್ತು ಲಕ್ಷ ಪ್ರೀಫಿಕ್ಸ್‌ಗಳ (ವಿಳಾಸಗಳ ಗುಂಪುಗಳ) ಆಸುಪಾಸಿನಲ್ಲಿದೆ. ಹೊಸ ಪದ್ಧತಿಯಾದ ಐಪಿವಿ6ನದು ಎರಡು ಲಕ್ಷ ದಾಟಿದೆ. ಆದರೆ ನಿಮ್ಮ ಟೇಬಲ್ ತೀರ್ಮಾನಿಸುವುದು ಹೊರಹೋಗುವ ದಾರಿಯನ್ನು ಮಾತ್ರ. ಒಳಬರುವ ದಟ್ಟಣೆ ಯಾವ ಅಪ್‌ಸ್ಟ್ರೀಮ್‌ನಿಂದ ಬರಬೇಕೆಂದು ನಿರ್ಧರಿಸುವವರು ಹೊರಗಿನವರು. ನೀವು ಘೋಷಿಸುವ ಪ್ರೀಫಿಕ್ಸ್‌ಗಳ ಮೂಲಕ ಅವರ ಮೇಲೆ ಪ್ರಭಾವ ಬೀರಬಹುದು, ಅಷ್ಟೇ. ಮನೆಬಳಕೆಯ ಐಎಸ್‌ಪಿಯಲ್ಲಿ ಬಹುಪಾಲು ದಟ್ಟಣೆ ಒಳಬರುವಂಥದ್ದೇ. ಅಂದರೆ ಚಿಕ್ಕ ಪಾಲನ್ನು ಚೊಕ್ಕವಾಗಿ ಕಳಿಸಲು ದೊಡ್ಡ ಹಣ ತೆರುತ್ತಿದ್ದೇವೆ.

ಹಾಗಾಗಿ ನಮ್ಮ ಉದಾಹರಣೆಗೆ ನನ್ನ ಸಲಹೆ: ಎರಡೂ ಅಪ್‌ಸ್ಟ್ರೀಮ್‌ಗಳಿಂದ ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದನ್ನೆಲ್ಲ ಕಳಿಸುವ ದಾರಿ), ಅವರ ನೇರ ಗ್ರಾಹಕರ ರೂಟ್‌ಗಳು, ನಿಕ್ಸಿಯ ರೂಟ್‌ಗಳು. ಇದರಲ್ಲೊಂದು ಅಪಾಯವಿದೆ. ಅಪ್‌ಸ್ಟ್ರೀಮ್‌ನ ಹಿಂದಿನ ಜಾಲ ಕಡಿದುಹೋದರೂ ಅದು ಡೀಫಾಲ್ಟ್ ರೂಟ್ ಕೊಡುತ್ತಲೇ ಇದ್ದರೆ ಆ ಕಡೆ ಹೋದ ಪ್ಯಾಕೆಟ್‌ಗಳು ಕಳೆದುಹೋಗುತ್ತವೆ. ದೂರದ ಕೆಲವು ವಿಳಾಸಗಳಿಗೆ ಸತತ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಪ್ಯಾಕೆಟ್) ಇಟ್ಟು ನಿಗಾ ವಹಿಸಬೇಕು. ಬೇರೆ ಜಾಲಗಳಿಗೆ ನೀವೇ ಟ್ರಾನ್ಸಿಟ್ (ಇಂಟರ್ನೆಟ್‌ನ ಉಳಿದೆಡೆಗೆ ದಾರಿ) ಮಾರುವ ದಿನ ಬಂದರೆ ಮಾತು ಬೇರೆ. ಆಗ ಪೂರ್ಣ ಟೇಬಲ್ ಕೊಡಿ ಎಂದು ಗ್ರಾಹಕರೇ ಕೇಳುತ್ತಾರೆ.

ಟೇಬಲ್ ಹಿಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ 2014ರ ಆಗಸ್ಟ್ 12 ಸಾಕ್ಷಿ. ಅಂದು ರೂಟ್‌ಗಳ ಸಂಖ್ಯೆ 512 ಸಾವಿರದ ಗಡಿ ದಾಟಿತು. ಸಿಸ್ಕೊ 6500, 7600 ಸರಣಿಯ ಹಳೆಯ ಕಾರ್ಡ್‌ಗಳ ಟಿಕ್ಯಾಮ್‌ನಲ್ಲಿ (ದಾರಿಯನ್ನು ತಟ್ಟನೆ ಹುಡುಕುವ ವಿಶೇಷ ಮೆಮೊರಿಯಲ್ಲಿ) ಐಪಿವಿ4ಗೆ ಮೀಸಲಾಗಿದ್ದ ಜಾಗ ತುಂಬಿ, ಹಲವು ಜಾಲಗಳು ತೆವಳಿದವು. ಹತ್ತು ಲಕ್ಷ ರೂಟ್‌ಗಳಿಗಷ್ಟೇ ಜಾಗವಿರುವ ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಪೂರ್ಣ ಟೇಬಲ್‌ಗೆಂದು ಅಗ್ಗವೆಂದು ಈಗ ತಂದರೆ ಅದೇ ಕಥೆ.

ಅಗ್ಗದ ಆಯ್ಕೆಯೆಂದರೆ ಎಲ್ಲರ ಬಾಯಲ್ಲಿ ಬರುವುದು ಲಾಟ್ವಿಯಾದ ಮೈಕ್ರೋಟಿಕ್. ಅವರ ಸಿಸಿಆರ್1072 ರೂಟರ್‌ನಲ್ಲಿ 72 ಪ್ರೊಸೆಸರ್ ಕೋರ್‌ಗಳಿದ್ದವು, ಆದರೆ ಅದರ ಸಾಫ್ಟ್‌ವೇರ್ ಆದ ರೂಟರ್‌ಒಎಸ್ 6ರಲ್ಲಿ ಬಿಜಿಪಿ ಓಡುತ್ತಿದ್ದುದು ಒಂದೇ ಕೋರ್‌ನಲ್ಲಿ. ಆ ಕೆಲಸಕ್ಕೆ ಉಳಿದ 71 ಕೈಜೋಡಿಸುತ್ತಿರಲಿಲ್ಲ. ಆವೃತ್ತಿ 7 ಇದನ್ನು ಹಂಚುತ್ತದೆ. ಸಿಸಿಆರ್2216ರಲ್ಲಿ ಎರಡು 100 ಗಿಗಾಬಿಟ್, ಹನ್ನೆರಡು 25 ಗಿಗಾಬಿಟ್ ಪೋರ್ಟ್‌ಗಳಿವೆ. ಆದರೆ ಪ್ಯಾಕೆಟ್‌ಗಳನ್ನು ವೇಗವಾಗಿ ಸಾಗಿಸುವ ಅದರ ಸ್ವಿಚ್ ಚಿಪ್‌ನಲ್ಲಿ ಪೂರ್ಣ ಟೇಬಲ್ ಹಿಡಿಸುವುದಿಲ್ಲ. ಮಿಕ್ಕ ರೂಟ್‌ಗಳ ಪ್ಯಾಕೆಟ್‌ಗಳು ಅದಕ್ಕಿಂತ ನಿಧಾನದ ಸಿಪಿಯು ಪಾಲಾಗುತ್ತವೆ. ಮೇಲೆ ಹೇಳಿದ ಚಿಕ್ಕ ಟೇಬಲ್ ಇದಕ್ಕೆ ಸರಿಹೊಂದುತ್ತದೆ. ಪೂರ್ಣ ಟೇಬಲ್ಲೇ ಬೇಕೆಂದರೆ ಜುನಿಪರ್ ಎಂಎಕ್ಸ್204 ಒಂದೇ ರ್‍ಯಾಕ್ ಯೂನಿಟ್ ಎತ್ತರದಲ್ಲಿ 400 ಗಿಗಾಬಿಟ್ ನಿಭಾಯಿಸುತ್ತದೆ, ಬೆಲೆಯೂ ಹಾಗೆಯೇ. ಲಿನಕ್ಸ್ ಬಲ್ಲ ಸಿಬ್ಬಂದಿ ಇದ್ದರೆ ಸಾಮಾನ್ಯ ಸರ್ವರ್‌ನಲ್ಲಿ ಎಫ್‌ಆರ್‌ಆರ್ ಅಥವಾ ಬರ್ಡ್ ಎಂಬ ರೂಟಿಂಗ್ ಸಾಫ್ಟ್‌ವೇರ್ ಓಡಿಸಬಹುದು. ಹತ್ತು ಲಕ್ಷ ರೂಟ್ ಅದರ ನೆನಪಿಗೆ ಭಾರವಲ್ಲ, ಪ್ಯಾಕೆಟ್ ವೇಗವೇ ಅಲ್ಲಿನ ಚಿಂತೆ.

ಎಲ್ಲಕ್ಕಿಂತ ದುಬಾರಿಯಾಗುವುದು ಎಲ್ಲ ಕೆಲಸವನ್ನೂ ಒಂದೇ ಪೆಟ್ಟಿಗೆಗೆ ಹೊರಿಸುವ ಅಭ್ಯಾಸ. ಪಿಪಿಪಿಒಇ ಲಾಗಿನ್ (ಗ್ರಾಹಕರು ಹೆಸರು, ಪಾಸ್‌ವರ್ಡ್ ಕೊಟ್ಟು ಜಾಲ ಸೇರುವ ವಿಧಾನ), ಗ್ರಾಹಕರೊಬ್ಬೊಬ್ಬರ ವೇಗದ ಮಿತಿ, 100.64.0.0/10 ವಿಳಾಸಗಳ ಸಿಜಿನ್ಯಾಟ್ (ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) — ಇವೆಲ್ಲ ಪ್ರತಿ ಸಂಪರ್ಕದ ಸ್ಥಿತಿಯನ್ನು ನೆನಪಿಡಬೇಕಾದ ಕೆಲಸಗಳು. ಅಗ್ಗದ ರೂಟರ್‌ನಲ್ಲಿ ಇವನ್ನು ಚಾಲೂ ಮಾಡಿದೊಡನೆ ಹಾರ್ಡ್‌ವೇರ್ ವೇಗ ಬಹುಮಟ್ಟಿಗೆ ಕೈಬಿಡುತ್ತದೆ. ಕೋರ್‌ಗೆ ರೂಟಿಂಗ್ ಮಾತ್ರ ಬಿಟ್ಟು, ಲಾಗಿನ್ ಮತ್ತು ನ್ಯಾಟ್‌ಗೆ ಬೇರೆ ಯಂತ್ರಗಳನ್ನಿಡಿ.

ಹಳೆಯ ದೊಡ್ಡ ಚಾಸಿ (ಕಾರ್ಡ್‌ಗಳನ್ನು ಸಿಕ್ಕಿಸುವ ರೂಟರ್ ಪೆಟ್ಟಿಗೆ) ಕೊಳ್ಳುವವರು ಕರೆಂಟು ಬಿಲ್ಲನ್ನೂ ಬೆಲೆಗೆ ಸೇರಿಸಬೇಕು. ಒಂದು ಕಿಲೋವ್ಯಾಟ್ ಎಳೆಯುವ ಯಂತ್ರ ವರ್ಷಕ್ಕೆ 8,760 ಯೂನಿಟ್ ತಿನ್ನುತ್ತದೆ; ಎಸಿ, ಬ್ಯಾಟರಿ, ಡೀಸೆಲ್ ಬೇರೆ. ಆ ಹಣದಲ್ಲಿ ಎರಡು ಚಿಕ್ಕ ರೂಟರ್ ಕೊಂಡು, ಒಂದೊಂದು ಅಪ್‌ಸ್ಟ್ರೀಮ್ ಅನ್ನು ಒಂದೊಂದಕ್ಕೆ ಕಟ್ಟುವುದು ನನಗೆ ಹೆಚ್ಚು ಹಿಡಿಸುತ್ತದೆ. ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಲು ಮಧ್ಯರಾತ್ರಿ ಎಲ್ಲ ಗ್ರಾಹಕರನ್ನೂ ಕಡಿಯುವ ಪ್ರಮೇಯ ಆಗ ಬರುವುದಿಲ್ಲ.