ಅಮಲೋದ್ಭವ ಅಂದರೆ ಏನು?

ಅಮಲೋದ್ಭವ ಅಂದ ಕೂಡಲೇ ತುಂಬಾ ಜನ, ಕ್ರೈಸ್ತರೂ ಸೇರಿ, ಮರಿಯಳು ಕನ್ಯೆಯಾಗಿಯೇ ಯೇಸುವನ್ನು ಹೆತ್ತ ವಿಷಯ ಅಂದುಕೊಳ್ಳುತ್ತಾರೆ. ಅದು ಬೇರೆ, ಇದು ಬೇರೆ. ಕನ್ಯೆಯಿಂದ ಯೇಸು ಹುಟ್ಟಿದ್ದನ್ನು ಹೆಚ್ಚುಕಡಿಮೆ ಎಲ್ಲ ಪಂಗಡಗಳೂ ನಂಬುತ್ತವೆ. ಅಮಲೋದ್ಭವದ ಮಾತು ಮರಿಯಳ ಬಗ್ಗೆಯೇ ಇರುವುದು: ತಾಯಿಯ ಹೊಟ್ಟೆಯಲ್ಲಿ ಮೂಡಿದ ಮೊದಲ ಕ್ಷಣದಿಂದಲೇ ಆಕೆಗೆ ಜನ್ಮಪಾಪ (ಮೊದಲ ಮನುಷ್ಯ ಆದಾಮನಿಂದ ಎಲ್ಲರಿಗೂ ಹುಟ್ಟಿನಿಂದಲೇ ಬರುತ್ತದೆ ಅನ್ನುವ ಪಾಪ) ಅಂಟಲಿಲ್ಲ ಅನ್ನುವ ಕಥೋಲಿಕರ ನಂಬಿಕೆ. ಆಕೆಗೆ ಎಲ್ಲರ ಹಾಗೆ ತಂದೆ ತಾಯಿ ಇದ್ದರು, ಅದರಲ್ಲಿ ವಿಶೇಷ ಏನೂ ಇಲ್ಲ.

ಇದನ್ನು ಕಥೋಲಿಕ ಸಭೆಯ (ಚರ್ಚಿನ) ಸಿದ್ಧಾಂತ ಅಂತ ಘೋಷಿಸಿದ್ದು ಪೋಪ್ 9ನೇ ಪಯಸ್, 1854ರ ಡಿಸೆಂಬರ್ 8ರಂದು. ಹಾಗಂತ ಅದು ಆವತ್ತು ಹುಟ್ಟಿದ ನಂಬಿಕೆ ಅಲ್ಲ. ಮರಿಯಳು ಗರ್ಭದಲ್ಲಿ ಮೂಡಿದ್ದರ ಹಬ್ಬ ಮೊದಲೇ ಇತ್ತು, ಈ ನಂಬಿಕೆಯ ಬಗ್ಗೆ ಜಗಳವೂ ಇತ್ತು. 13ನೇ ಶತಮಾನದ ಥಾಮಸ್ ಅಕ್ವಿನಾಸ್‌ನಂಥ ದೊಡ್ಡ ಪಂಡಿತರೇ ಒಪ್ಪಿರಲಿಲ್ಲ. ಪಾಪವೇ ಅಂಟದವಳಿಗೆ ರಕ್ಷಕ ಯಾಕೆ ಬೇಕು ಅನ್ನೋದು ಅವರ ತಕರಾರು. ನ್ಯಾಯವಾದ ಪ್ರಶ್ನೆಯೇ, ಅಲ್ವಾ? ಇದಕ್ಕೆ ಗಟ್ಟಿ ಉತ್ತರ ಕೊಟ್ಟವರು ಅವರ ನಂತರ ಬಂದ ಪಂಡಿತ ಡನ್ಸ್ ಸ್ಕೋಟಸ್. ಗುಂಡಿಗೆ ಬಿದ್ದವರನ್ನು ಮೇಲೆತ್ತುವುದು ಮಾತ್ರ ಕಾಪಾಡುವುದಲ್ಲ, ಬೀಳುವ ಮೊದಲೇ ಕೈ ಹಿಡಿಯುವುದೂ ಕಾಪಾಡುವುದೇ. ಹಾಗಾಗಿ ಮರಿಯಳನ್ನು ಉಳಿಸಿದ್ದೂ ಕ್ರಿಸ್ತನೇ, ಸ್ವಲ್ಪ ಮುಂಚಿತವಾಗಿ, ಅಷ್ಟೆ. ಅವರ ವಾದದ ತಿರುಳು ಇದು.

ಪ್ರೊಟೆಸ್ಟೆಂಟರಿಗೆ ಈ ಜಾಣತನ ಸಾಲಲಿಲ್ಲ. ಬೈಬಲಿನಲ್ಲಿ ಎಲ್ಲಿದೆ ತೋರಿಸಿ ಅನ್ನುತ್ತಾರೆ. ಎಲ್ಲರೂ ಪಾಪ ಮಾಡಿದ್ದಾರೆ ಅನ್ನುವ ರೋಮನರಿಗೆ 3:23 ಅವರ ಮುಖ್ಯ ಆಧಾರ. ಲೂಕ 1:47ರಲ್ಲಿ ಮರಿಯಳೇ ದೇವರನ್ನು ನನ್ನ ರಕ್ಷಕ ಅನ್ನುತ್ತಾಳೆ ಅಂತಲೂ ತೋರಿಸುತ್ತಾರೆ. ತಮಾಷೆ ಅಂದರೆ, ಸ್ಕೋಟಸ್ ದಾರಿಯಲ್ಲಿ ಹೋದರೆ ಇದೇ ವಚನ ಕಥೋಲಿಕರಿಗೂ ಒಪ್ಪುತ್ತದೆ. ಪ್ರೊಟೆಸ್ಟೆಂಟರು ಮರಿಯಳನ್ನು ಕಡೆಗಣಿಸುತ್ತಾರೆ ಅಂತ ಸುಮ್ನೆ ಹೇಳಿಬಿಡುವುದೂ ಸರಿಯಲ್ಲ, ಪ್ರೊಟೆಸ್ಟೆಂಟ್ ಚಳವಳಿ ಶುರುಮಾಡಿದ ಮಾರ್ಟಿನ್ ಲೂಥರ್ ಆಕೆ ಹಾಡಿದ ಸ್ತುತಿಗೀತೆಗೆ 1521ರಲ್ಲಿ ಭಕ್ತಿಯಿಂದ ವ್ಯಾಖ್ಯಾನ ಬರೆದವರು. ಪ್ರೊಟೆಸ್ಟೆಂಟರು ಬೇಡ ಅನ್ನುವುದು ಆಕೆಗೆ ಪ್ರಾರ್ಥನೆ ಮಾಡುವುದನ್ನು.

ನನಗೆ ಜಾಸ್ತಿ ಕುತೂಹಲ ಹುಟ್ಟಿಸುವವರು ಗ್ರೀಸ್, ರಷ್ಯಾ ಕಡೆಯ ಆರ್ಥಡಾಕ್ಸ್ ಸಭೆಯವರು. ಮರಿಯಳನ್ನು ದೇವಮಾತೆ, ಸರ್ವಪವಿತ್ರೆ ಅಂತ ಅವರಷ್ಟು ಹಾಡಿ ಹೊಗಳುವವರು ಕಡಿಮೆ, ಆದರೂ 1854ರ ಘೋಷಣೆಯನ್ನು ಅವರು ಒಪ್ಪುವುದಿಲ್ಲ. ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದುರ್ಬಲತೆ, ಅವನ ಅಪರಾಧ ಅಲ್ಲ ಅನ್ನುವುದು ಅವರ ತಿಳಿವಳಿಕೆ. ಅಪರಾಧವೇ ಬಳುವಳಿಯಾಗಿ ಬಾರದಿದ್ದ ಮೇಲೆ ಮರಿಯಳಿಗೆ ವಿನಾಯಿತಿ ಕೊಡುವ ಪ್ರಶ್ನೆಯೇ ಏಳುವುದಿಲ್ಲ. ಅದರ ಮೇಲೆ, ಪೋಪ್ ಒಬ್ಬರೇ ಕೂತು ಎಲ್ಲರ ಪರವಾಗಿ ಸಿದ್ಧಾಂತ ಘೋಷಿಸಬಹುದಾ ಅನ್ನೋ ಹಳೆಯ ಸಿಟ್ಟೂ ಇದೆ.