ಗುರಿ ಬೇರೆ, ಧ್ಯೇಯ ಬೇರೆ

ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಓದುತ್ತಿರುವವರನ್ನು ಮದುವೆಯೂಟದ ಪಂಕ್ತಿಯಲ್ಲಿ ಕಂಡ ಹಿರಿಯರು ಕೇಳುವುದು ಒಂದೇ ಪ್ರಶ್ನೆ: “ಇನ್ನು ಮುಂದೆ ಎಂತ?” ಬಿ.ಎಡ್., ಕೆ-ಟೆಟ್ (ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ), ಪಿಎಸ್‌ಸಿ (ಸರಕಾರಿ ನೇಮಕಾತಿಯ ಲೋಕಸೇವಾ ಆಯೋಗದ ಪರೀಕ್ಷೆ) ಎಂಬ ಉತ್ತರವೂ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ. ಮನೋವಿಜ್ಞಾನದ ಲೆಕ್ಕದಲ್ಲಿ ಇವು ಗುರಿಗಳು; ಬಾಳಿನ ಧ್ಯೇಯವೆಂಬುದು ಬೇರೆಯೇ ಸಂಗತಿ.

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಡೇಮನ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ವ್ಯಾಖ್ಯೆಯಂತೆ ಧ್ಯೇಯವು ಬಹುಕಾಲ ನಿಲ್ಲುವ ಸಂಕಲ್ಪ. ಅದು ತನಗೆ ಅರ್ಥಪೂರ್ಣವೆನಿಸಬೇಕು, ಜೊತೆಗೆ ತನ್ನಾಚೆಯ ಲೋಕಕ್ಕೂ ಅದರಿಂದ ಏನಾದರೂ ಒದಗಬೇಕು. ಪಿಎಸ್‌ಸಿ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬಂದು ನೇಮಕವಾದ ದಿನ ಗುರಿ ಮುಗಿಯುತ್ತದೆ. ಆದರೆ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ್ದಕ್ಕೆ ಪ್ರತಿಭಟನೆಗಳು ನಡೆದ ಈ ಜಿಲ್ಲೆಯಲ್ಲಿ, ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಲೆಕ್ಕ ಹೇಳಿಕೊಡಬೇಕೆಂದು ಹೊರಟವಳಿಗೆ ಕೆಲಸ ಶುರುವಾಗುವುದೇ ಆ ದಿನ. ಗಲ್ಫಿಗೆ ಹೋಗಿ ತಂಗಿಯನ್ನು ಓದಿಸುತ್ತೇನೆನ್ನುವವನ ಸಂಕಲ್ಪವೂ ಈ ವ್ಯಾಖ್ಯೆಯೊಳಗೆ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ, ಧ್ಯೇಯವೆಂದರೆ ಸಮಾಜಸೇವೆಯೇ ಆಗಬೇಕಿಲ್ಲ.

ಧ್ಯೇಯದ ಪ್ರಯೋಜನ ಹೆಚ್ಚು ಕಾಣುವುದು ಬೇಸರದ ಓದಿನಲ್ಲಿ. ಡೇವಿಡ್ ಯೇಗರ್ ಮತ್ತು ಸಹೋದ್ಯೋಗಿಗಳು ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಪಕ್ಕದಲ್ಲೇ ವಿಡಿಯೋ ನೋಡುವ ಅವಕಾಶವಿದ್ದರೂ ನೀರಸವಾದ ಲೆಕ್ಕಗಳನ್ನು ಬಿಡದೆ ಮಾಡುವ ಒಲವು, ಕಲಿಕೆಯಿಂದ ಇತರರಿಗೂ ಉಪಯೋಗವಾಗಬೇಕೆಂದು ಬಯಸಿದವರಲ್ಲಿ ಹೆಚ್ಚಾಗಿತ್ತು.

ಹಾಗೆಂದು ಎಲ್ಲರಿಗೂ ಧ್ಯೇಯ ದೊರೆತಿರುವುದಿಲ್ಲ. ಡೇಮನ್ ಅವರು 2008ರಲ್ಲಿ ವರದಿ ಮಾಡಿದಂತೆ ಸ್ಪಷ್ಟ ಧ್ಯೇಯವಿದ್ದ ಅಮೆರಿಕದ ಯುವಜನರು ಐದರಲ್ಲೊಬ್ಬರಷ್ಟೇ. ಉಳಿದವರಲ್ಲಿ ಕನಸಿದ್ದೂ ಹೆಜ್ಜೆಯಿಡದವರಿದ್ದರು, ಹಲವು ಕಡೆ ಕೈಹಾಕಿ ಎಲ್ಲೂ ನಿಲ್ಲದವರಿದ್ದರು, ಯಾವುದರಲ್ಲೂ ಆಸಕ್ತಿಯಿಲ್ಲದವರೂ ಇದ್ದರು.

ಇಲ್ಲಿ ಇನ್ನೊಂದು ಭೇದ ಮುಖ್ಯ. ಮೈಕೆಲ್ ಸ್ಟೆಗರ್ ಮತ್ತು ಸಂಗಡಿಗರು 2006ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಪ್ರಶ್ನಾವಳಿಯು ಬಾಳಿನ ಅರ್ಥವನ್ನು ಕಂಡುಕೊಂಡಿರುವುದನ್ನೂ ಅದನ್ನು ಹುಡುಕುತ್ತಿರುವುದನ್ನೂ ಪ್ರತ್ಯೇಕವಾಗಿ ಅಳೆಯುತ್ತದೆ. ಧ್ಯೇಯದ ಹುಡುಕಾಟದ ಬಗ್ಗೆ ಕೆಂಡಾಲ್ ಬ್ರಾಂಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದವರಿಗೂ ಕಾಲೇಜು ವಯಸ್ಸಿನವರಿಗೂ ಹುಡುಕಾಟವು ಜೀವನತೃಪ್ತಿಯೊಂದಿಗೇ ಸಾಗುತ್ತಿತ್ತು. ಅವರಿಗಿಂತ ದೊಡ್ಡ ವಯಸ್ಸಿನವರಲ್ಲಿ ಆ ನಂಟು ಕಾಣಲಿಲ್ಲ. ಪಂಕ್ತಿಯಲ್ಲಿ ಕುಳಿತು ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಈ ಕೊನೆಯ ಗುಂಪಿನವರು.