ಎರಿ ನೆಲದಲ್ಲಿ ಹಳೆ ಬೈಕ್: ಮನೆಯಲ್ಲಿ ಮಾಡಿಕೊಳ್ಳುವುದೇನು, ಮಿಸ್ತ್ರಿಗೆ ಬಿಡುವುದೇನು?

ಪ್ರಶ್ನೆ: ನಮ್ಮ ಅಪ್ಪಾರು ಓಡಿಸ್ತಿದ್ದ ಹೀರೋ ಹೋಂಡಾ ಸ್ಪ್ಲೆಂಡರ್ ಈಗ ನನ್ನ ಕೈಗೆ ಬಂದೈತ್ರಿ. ನರಗುಂದದ ಹತ್ರ ನಮ್ಮೂರು. ದಿನಾ ಹೊಲಕ್ಕ, ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಬರ್ತೀನಿ. ಗ್ಯಾರೇಜಿಗೆ ಬಿಟ್ಟು ತಂದ ತಿಂಗಳಿಗೇ ಚೈನ್ ಸಡ್ಲ ಆಗತೈತಿ, ಪಿಕಪ್ ಇಳೀತೈತಿ. ಸಣ್ಣಪುಟ್ಟ ಕೆಲಸ ಮನ್ಯಾಗ ಮಾಡ್ಕೋಬೇಕಂತ ಆಸೆ ಐತಿ. ಎಲ್ಲಿಂದ ಸುರು ಮಾಡ್ಲಿ? ಯಾವುದಕ್ಕ ಕೈ ಹಚ್ಚಬಾರದು?

ಉತ್ತರ: ಸುರು ಮಾಡಬೇಕಾದದ್ದು ಏರ್ ಫಿಲ್ಟರಿನಿಂದ. ಅದಾದ ಮೇಲೆ ಚೈನ್, ಆಮೇಲೆ ಎಂಜಿನ್ ಆಯಿಲ್. ಕೈ ಹಚ್ಚಬಾರದ್ದು ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಸ್ಕ್ರೂಗಳಿಗೆ. ಬೇರೆ ಊರಿನವರು ಕೇಳಿದ್ದರೆ ಆಯಿಲ್ ಮೊದಲು ಎನ್ನುತ್ತಿದ್ದೆನೋ ಏನೋ. ನೀವು ಗಾಡಿ ಓಡಿಸುವ ನೆಲ ಎಂಥದ್ದು ಎನ್ನುವುದನ್ನು ನೋಡಿಯೇ ಈ ಕ್ರಮ ಹೇಳುತ್ತಿದ್ದೇನೆ.

ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಸರ್ವಿಸಿನ ಲೆಕ್ಕ ಕಿಲೋಮೀಟರಿನಲ್ಲಿರುತ್ತದೆ. ಡಾಂಬರು ರಸ್ತೆ ಬಿಟ್ಟಿಳಿಯದ ಗಾಡಿಗೆ ಆ ಲೆಕ್ಕ ಸರಿ. ನರಗುಂದ, ನವಲಗುಂದ, ಅಣ್ಣಿಗೇರಿ, ರೋಣದ ಕಡೆಯದು ಎರಿ ಭೂಮಿ, ಅಂದರೆ ಜಿಗುಟು ಕಪ್ಪು ಮಣ್ಣು. ಬೇಸಿಗೆಯಲ್ಲಿ ಬಿರಿದು ಹಿಟ್ಟಿನಂತೆ ಏಳುತ್ತದೆ, ಮಳೆ ಬಿದ್ದರೆ ಹಿಡಿದದ್ದನ್ನು ಬಿಡುವುದಿಲ್ಲ. ಹೆಸರು, ಕಡಲೆ ರಾಶಿಯ ಹೊತ್ತಿನಲ್ಲಿ ರಸ್ತೆಯ ಮೇಲೇ ಬೆಳೆ ಹರಡಿರುತ್ತಾರೆ. ಅದರ ಹೊಟ್ಟು, ಧೂಳು ಗಾಡಿಯ ಸಂದಿಸಂದಿಗೂ ಸೇರುತ್ತದೆ. ಇಲ್ಲಿ ಸರ್ವಿಸಿನ ಲೆಕ್ಕ ಇಡಬೇಕಾದದ್ದು ಮಣ್ಣು ನೋಡಿ, ಹಂಗಾಮು ನೋಡಿ. ಕೆಂಪು ಮಣ್ಣಿನ ಕಲಘಟಗಿ ಕಡೆಯವರ ಗಾಡಿಗೂ ನಿಮ್ಮ ಗಾಡಿಗೂ ಮೀಟರಿನಲ್ಲಿ ಒಂದೇ ಅಂಕಿ ಇದ್ದರೂ ಒಳಗಿನ ಸವೆತ ಒಂದೇ ಇರುವುದಿಲ್ಲ.

ಪಿಕಪ್ ಇಳಿಯುವ ದೂರಿಗೆ ನಮ್ಮ ಭಾಗದಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಧೂಳು ಕಟ್ಟಿದ ಏರ್ ಫಿಲ್ಟರನ್ನು. ಗಾಳಿ ಕಡಿಮೆಯಾದರೆ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಅದು ಪೂರ್ತಿ ಉರಿಯದೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಮೈಲೇಜೂ ಇಳಿಯುತ್ತದೆ. ಪಕ್ಕದ ಕವರ್ ಬಿಚ್ಚಿ ಫಿಲ್ಟರ್ ಪೆಟ್ಟಿಗೆ ತೆಗೆದು ನೋಡಿ. ಒಳಗೆ ಸ್ಪಂಜಿದ್ದರೆ ಅದನ್ನು ತೊಳೆದು ಮತ್ತೆ ಹಾಕಬಹುದು. ಚಿಮಣಿ ಎಣ್ಣೆಯಲ್ಲೋ (ಸೀಮೆಎಣ್ಣೆ) ಸಾಬೂನಿನ ನೀರಿನಲ್ಲೋ ಅದ್ದಿ ಹಿಸುಕಿ (ತಿರುಚಿ ಹಿಂಡಿದರೆ ಸ್ಪಂಜು ಹರಿಯುತ್ತದೆ), ನೆರಳಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಎಲ್ಲ ಕಡೆ ಹತ್ತುವಂತೆ ಮಾಡಿ, ಹೆಚ್ಚಿನದನ್ನು ಹಿಸುಕಿ ತೆಗೆಯಿರಿ. ಧೂಳನ್ನು ಹಿಡಿಯುವುದು ಆ ಎಣ್ಣೆಯೇ. ಒಣ ಸ್ಪಂಜು ಹಾಕಿದರೆ ನುಣ್ಣನೆಯ ಎರಿ ಧೂಳು ಸೋಸಿಕೊಂಡು ಒಳಗೆ ಹೋಗುತ್ತದೆ.

ಸ್ಪಂಜಿನ ಬದಲು ಕಾಗದದ ಫಿಲ್ಟರ್ ಇದ್ದರೆ ತೊಳೆಯುವಂತಿಲ್ಲ, ಅದನ್ನು ಬದಲಿಸಬೇಕು. ಎಣ್ಣೆ ಹಚ್ಚಿದ ಕಾಗದದ್ದಾದರೆ ಗಾಳಿ ಹೊಡೆಸುವುದೂ ಬೇಡ. ಕೆಲವರು ಪಿಕಪ್ ಚೆನ್ನಾಗಿ ಬರಲಿ ಎಂದು ಫಿಲ್ಟರ್ ತೆಗೆದೇ ಓಡಿಸುತ್ತಾರೆ. ನಮ್ಮ ಧೂಳಿನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಎಂಜಿನ್ನಿಗೆ ಬೇರೊಂದಿಲ್ಲ. ಆ ಧೂಳು ಪಿಸ್ಟನ್ ರಿಂಗುಗಳನ್ನೂ ಪಿಸ್ಟನ್ ಓಡಾಡುವ ಬೋರನ್ನೂ ಉಜ್ಜಿ ತಿನ್ನುತ್ತದೆ. ಮುಂದೆ ಸೈಲೆನ್ಸರಿನಿಂದ ನೀಲಿ ಹೊಗೆ ಸುರುವಾಗುತ್ತದೆ. ಆಗ ಬರುವ ಖರ್ಚು ಫಿಲ್ಟರಿನದಲ್ಲ, ಬೋರ್ ಕೆಲಸದ್ದು.

ಫಿಲ್ಟರ್ ತೆಗೆದ ದಿನವೇ ಎಂಜಿನ್ ತಣ್ಣಗಿರುವಾಗ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ಕಂದು ಬಣ್ಣವಿದ್ದರೆ ಉರಿಯುವುದು ಸರಿಯಿದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಎಣ್ಣೆ ಜಿಡ್ಡಿನ ಕಪ್ಪು ಇದ್ದರೆ ಎಂಜಿನ್ ಆಯಿಲ್ ಮೇಲೇರಿ ಉರಿಯುತ್ತಿದೆ ಎಂದರ್ಥ, ಮಿಸ್ತ್ರಿಗೆ ತೋರಿಸಬೇಕು. ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ವಾಪಸ್ ಹಾಕುವಾಗ ಮೊದಲ ಕೆಲವು ಸುತ್ತನ್ನು ಬೆರಳಿನಿಂದಲೇ ತಿರುಗಿಸಿ, ಸಲೀಸಾಗಿ ಕೂತ ಮೇಲೆ ಪಾನಾ ಹಚ್ಚಿ. ಹೆಡ್ ಅಲ್ಯೂಮಿನಿಯಮ್ಮಿನದು, ಓರೆಯಾಗಿ ಹತ್ತಿದರೆ ಪ್ಲಗ್ ಕೂರುವ ಆಟೆಯೇ (ಥ್ರೆಡ್) ಹೋಗುತ್ತದೆ.

ಕಾರ್ಬುರೇಟರ್ ಮುಟ್ಟಬೇಡಿ ಎಂದೆ. ಹೊರಗೆ ಕಾಣುವ ಏರ್ ಸ್ಕ್ರೂ ಮುಖ್ಯವಾಗಿ ಗಾಡಿ ನಿಂತಲ್ಲೇ ಸಣ್ಣಗೆ ಓಡುವಾಗಿನ ಮಿಶ್ರಣವನ್ನು ನೋಡಿಕೊಳ್ಳುತ್ತದೆ. ರಸ್ತೆಯಲ್ಲಿ ಎಕ್ಸಲರೇಟರ್ ತಿರುವಿದಾಗ ಕೆಲಸ ಮಾಡುವುದು ಒಳಗಿನ ಸೂಜಿ ಮತ್ತು ಮೇನ್ ಜೆಟ್. ಆದ್ದರಿಂದ ಪಿಕಪ್ಪಿಗಾಗಿ ಆ ಸ್ಕ್ರೂ ತಿರುವಿದರೆ ಪಿಕಪ್ ಬರುವುದಿಲ್ಲ, ಸರಿಯಾಗಿದ್ದ ಸ್ಟಾರ್ಟಿಂಗೂ ಕೆಡುತ್ತದೆ. ಫಿಲ್ಟರ್, ಪ್ಲಗ್ ಎರಡೂ ಸರಿಯಿದ್ದು ಆಮೇಲೂ ತೊಂದರೆ ಉಳಿದರೆ ಆಗ ಕಾರ್ಬುರೇಟರ್ ಬಿಚ್ಚಿಸಿ.

ಇನ್ನು ಚೈನ್. ತಿಂಗಳಿಗೊಮ್ಮೆ ಸಡಿಲಾಗುವ ಚೈನಿಗೆ ಎಳೆದು ಕಟ್ಟುವುದೊಂದೇ ಉತ್ತರವಲ್ಲ. ಸ್ಪ್ಲೆಂಡರಿನಂಥ ಗಾಡಿಗಳಲ್ಲಿ ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇರುತ್ತದೆ. ಧೂಳಿನಿಂದ ಕಾಪಾಡುವುದು ಅದೇ. ಆದರೆ ಒಳಗೇನಾಗಿದೆ ಎಂದು ಕಾಣದಂತೆ ಮಾಡುವುದೂ ಅದೇ. ಚೈನ್ ನೋಡಲು ಕವರಿನಲ್ಲಿ ಸಣ್ಣ ಕಿಂಡಿ, ಅದಕ್ಕೊಂದು ರಬ್ಬರ್ ಮುಚ್ಚಳ ಇರಬೇಕು. ಹಳೆ ಗಾಡಿಗಳಲ್ಲಿ ಈ ಮುಚ್ಚಳ ಕಳೆದುಹೋಗಿರುತ್ತದೆ, ಕೆಸರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಇವತ್ತೇ ಗಾಡಿಯ ಹತ್ತಿರ ಹೋಗಿ ಅದು ಇದೆಯೋ ಇಲ್ಲವೋ ನೋಡಿ.

ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್ಲಿನಲ್ಲಿಟ್ಟು, ಎಂಜಿನ್ ಬಂದ್ ಮಾಡಿ. ಗಾಡಿ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಚೈನಿಗೆ ಅರಿವೆ ಹಿಡಿಯುವವರಿದ್ದಾರೆ. ಚೈನಿಗೂ ಅದು ಕೂರುವ ಹಲ್ಲಿನ ಚಕ್ರಕ್ಕೂ (ಸ್ಪಾಕೆಟ್) ನಡುವೆ ಬೆರಳು ಸಿಕ್ಕರೆ ಉಳಿಯುವುದಿಲ್ಲ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು, ಮನೆಯ ಸಣ್ಣ ಮಕ್ಕಳು ಹತ್ತಿರ ಇರಕೂಡದು. ಕವರ್ ಬಿಚ್ಚಿ, ಚಿಮಣಿ ಎಣ್ಣೆ ಹಾಕಿ ಹಳೆ ಬ್ರಷ್ಷಿನಿಂದ ಕೊಂಡಿ ಕೊಂಡಿಯನ್ನೂ ಉಜ್ಜಿ, ಒರೆಸಿ. ಇದಕ್ಕೆ ಪೆಟ್ರೋಲ್ ಬೇಡ, ಬೆಂಕಿಯ ಭಯ. ಒಣಗಿದ ಮೇಲೆ 90 ಗ್ರೇಡಿನ ಗೇರ್ ಆಯಿಲನ್ನು ಚೈನಿನ ಒಳಮೈಗೆ ಹನಿಹನಿಯಾಗಿ ಬಿಡಿ. ಅರ್ಧ ತಾಸು ಬಿಟ್ಟು ಹೊರಗಿನದನ್ನು ಒರೆಸಿಬಿಡಿ. ಎಣ್ಣೆ ಬೇಕಾದದ್ದು ಕೊಂಡಿಗಳ ಒಳಗೆ. ಹೊರಗೆ ಗ್ರೀಸ್ ಬಳಿದರೆ ಎರಿ ಧೂಳು ಅದಕ್ಕೆ ಮೆತ್ತಿಕೊಂಡು ಚೈನನ್ನೂ ಸ್ಪಾಕೆಟ್ಟನ್ನೂ ತೇಯುತ್ತದೆ.

ಬಿಗಿ ನೋಡುವಾಗ ಒಂದೇ ಕಡೆ ನೋಡಬೇಡಿ. ಹಳೆ ಚೈನ್ ಎಲ್ಲ ಕಡೆ ಸಮನಾಗಿ ಸವೆದಿರುವುದಿಲ್ಲ. ಚಕ್ರ ತಿರುಗಿಸುತ್ತಾ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲಿ ಕೆಳಗಿನ ಚೈನಿನ ನಡುಮಧ್ಯ ಬೆರಳಿಂದ ಮೇಲೆ ಕೆಳಗೆ ಆಡಿಸಿ. ಅಲ್ಲಿ 20ರಿಂದ 30 ಮಿ.ಮೀ. ಆಟವಿದ್ದರೆ ಸಾಕು. ಸಡಿಲಾದ ಜಾಗ ನೋಡಿ ಬಿಗಿ ಮಾಡಿದರೆ ಬಿಗಿಯಾದ ಜಾಗದಲ್ಲಿ ಚೈನ್ ತಂತಿಯಾಗಿ ಗೇರ್ ಬಾಕ್ಸಿನ ಶಾಫ್ಟಿಗೂ ಚಕ್ರದ ಬೇರಿಂಗಿಗೂ ಹೊಡೆತ ಬೀಳುತ್ತದೆ. ಚೂರು ಸಡಿಲ ಚೈನ್ ಬರೇ ಸದ್ದು ಮಾಡೀತು, ಅತಿ ಬಿಗಿ ಚೈನ್ ಮಾಡುವ ಹಾನಿ ಹೆಚ್ಚು. ಹಿಂದಿನ ಎಕ್ಸೆಲ್ ನಟ್ಟನ್ನೂ ಚೈನ್ ಬದಿಯ ಸ್ಲೀವ್ ನಟ್ಟನ್ನೂ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಸಮನಾಗಿ ತಿರುಗಿಸಿ. ಗುರುತಿನ ಗೆರೆ ಎರಡೂ ಕಡೆ ಒಂದೇ ಜಾಗಕ್ಕೆ ಬರಬೇಕು, ಇಲ್ಲದಿದ್ದರೆ ಚಕ್ರ ಓರೆ ಕೂರುತ್ತದೆ. ನಟ್ಟುಗಳನ್ನು ಬಿಗಿದ ಮೇಲೆ ಹಿಂದಿನ ಬ್ರೇಕ್ ನೋಡಲೇಬೇಕು. ಚಕ್ರ ಹಿಂದೆ ಸರಿದಷ್ಟೂ ಬ್ರೇಕ್ ರಾಡ್ ಎಳೆದು ಹಿಡಿಯುತ್ತದೆ. ಪೆಡಲಿಗೆ ಸ್ವಲ್ಪ ಆಟ ಬಿಟ್ಟು, ಚಕ್ರ ಸರಾಗ ತಿರುಗುತ್ತದೆಯೇ ಎಂದು ಪರೀಕ್ಷಿಸಿ.

ಇಷ್ಟು ಮಾಡಿಯೂ ತಿಂಗಳಲ್ಲಿ ಮತ್ತೆ ಸಡಿಲಾದರೆ ಚೈನಿನ ಆಯುಷ್ಯ ಮುಗಿದಿದೆ. ಹಿಂದಿನ ಸ್ಪಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಹಿಡಿದು ಹೊರಗೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದರೆ, ಹಲ್ಲುಗಳು ಒಂದು ಕಡೆ ಬಾಗಿ ಚೂಪಾಗಿದ್ದರೆ ಚೈನ್, ಎರಡೂ ಸ್ಪಾಕೆಟ್ ಸೇರಿ ಪೂರ್ತಿ ಸೆಟ್ ಹಾಕಿಸಿ. ಹಳೆ ಸ್ಪಾಕೆಟ್ಟಿಗೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಚೈನ್ ಸರಿಯಿದ್ದೂ ಗೇರ್ ಹಾಕಿದಾಗ ಗಾಡಿ ಜಗ್ಗಿದರೆ ಹಿಂದಿನ ಡ್ರಮ್ಮಿನೊಳಗಿನ ರಬ್ಬರುಗಳು ಸವೆದಿರಬಹುದು, ಅದನ್ನೂ ನೋಡಲು ಹೇಳಿ.

ಆಯಿಲ್ ಬದಲಿಸುವುದು ಸುಲಭ. ಎಂಜಿನ್ ಎರಡು ಮೂರು ನಿಮಿಷ ಓಡಿಸಿ ಬಂದ್ ಮಾಡಿ, ಕೆಳಗಿನ ಬೋಲ್ಟ್ ಬಿಚ್ಚಿ ಪೂರ್ತಿ ಇಳಿಯಲು ಬಿಡಿ. ವಾಷರ್ ಹೊಸದು ಹಾಕಿ. ಬೋಲ್ಟನ್ನು ಶಕ್ತಿ ಹಾಕಿ ಬಿಗಿಯಬೇಡಿ. ಸ್ಪ್ಲೆಂಡರಿಗೆ 10 ಡಬ್ಲ್ಯೂ 30 ಗ್ರೇಡಿನ ಬೈಕ್ ಆಯಿಲ್ ಹಾಕಿ. ಕಾರಿನದು ಮನೆಯಲ್ಲಿ ಉಳಿದಿದೆ ಎಂದು ಹಾಕಬೇಡಿ. ಬೈಕಿನ ಕ್ಲಚ್ ಪ್ಲೇಟುಗಳು ಅದೇ ಆಯಿಲಿನಲ್ಲಿ ಮುಳುಗಿರುತ್ತವೆ, ಕಾರಿನ ಕೆಲವು ಆಯಿಲಿನಿಂದ ಕ್ಲಚ್ ಜಾರುತ್ತದೆ. ಮಟ್ಟ ನೋಡುವಾಗ ಗಾಡಿ ಡಬಲ್ ಸ್ಟ್ಯಾಂಡಿನಲ್ಲಿರಲಿ, ಡಿಪ್ ಸ್ಟಿಕ್ಕನ್ನು ತಿರುವದೆ ಸುಮ್ಮನೆ ಇಳಿಸಿ ತೆಗೆಯಿರಿ. ನಿಮ್ಮಂತೆ ಹೊಲಕ್ಕೆ ಓಡಾಡುವವರು 2000 ಕಿ.ಮೀ. ದಾಟಿಸದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎರಡು ಸ್ಟ್ರೋಕಿನ ಆರ್‌ಎಕ್ಸ್ 100ರಂಥ ಗಾಡಿಗೆ ಈ ಮಾತು ಅನ್ವಯಿಸದು. ಅದರಲ್ಲಿ 2ಟಿ ಆಯಿಲ್ ಬೇರೆ, ಗೇರ್ ಆಯಿಲ್ ಬೇರೆ.

ಮಳೆಗಾಲದಲ್ಲಿ ಎಂಜಿನ್ನಿನ ರೆಕ್ಕೆಗಳ ನಡುವೆ ಎರಿ ಕೆಸರು ಕೂತು ಒಣಗಿದರೆ ಗಾಳಿ ಆಡದೆ ಎಂಜಿನ್ ಕಾಯುತ್ತದೆ. ನೀರು ಚಿಮುಕಿಸಿ ನೆನೆಸಿ, ಕಟ್ಟಿಗೆ ಚೂರಿನಿಂದ ಕೆದರಿ ತೆಗೆಯಿರಿ, ಅದೂ ಎಂಜಿನ್ ಆರಿದ ಮೇಲೆ. ವಾಟರ್ ಸರ್ವಿಸಿನವರಿಗೆ ಚಕ್ರದ ನಡುವಿನ ಬೇರಿಂಗಿಗೂ ಹ್ಯಾಂಡಲಿನ ಬುಡಕ್ಕೂ ನೇರ ನೀರು ಹೊಡೆಯಬೇಡಿ ಎಂದು ಹೇಳಿ. ಪೆಟ್ರೋಲ್ ಪೈಪನ್ನೂ ಆಗಾಗ ಬಗ್ಗಿಸಿ ನೋಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಹಳೆ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಬಿರುಕು ಕಂಡರೆ ತಡಮಾಡದೆ ಬದಲಿಸಿ.

ಟ್ಯಾಪೆಟ್, ಕ್ಲಚ್ ಪ್ಲೇಟ್, ಹ್ಯಾಂಡಲಿನ ಬೇರಿಂಗ್, ಬ್ರೇಕ್ ಲೈನರ್ ಇವನ್ನೆಲ್ಲ ಮಿಸ್ತ್ರಿಗೇ ಬಿಡಿ. ಬ್ರೇಕ್ ವಿಷಯದಲ್ಲಿ ನಿಮ್ಮ ಕೆಲಸ ಇಷ್ಟೇ: ಬ್ರೇಕ್ ಒತ್ತಿದಾಗ ಡ್ರಮ್ಮಿನ ಮೇಲಿನ ಬಾಣದ ಗುರುತು ಕೊನೆಯ ಗೆರೆ ಮುಟ್ಟಿದರೆ ಲೈನರ್ ಮುಗಿದಿದೆ, ಆ ವಾರವೇ ಹಾಕಿಸಿ. ಇಳಿಸಿದ ಕಪ್ಪು ಆಯಿಲನ್ನು ಹೊಲದ ಬದುವಿಗೂ ಗಟಾರಕ್ಕೂ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿಟ್ಟು, ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಹಳೆ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಟ್ಟುಬನ್ನಿ.